ನೆಕ್ಕರ್ ದಡದ ಉಚಿತ ಹಾಸ್ಟೆಲ್ಲು

ಸ್ಟುಟ್‌ಗಾರ್ಟ್ ಸುತ್ತಮುತ್ತ ಈಗ ಕನ್ನಡದ ಮನೆಗಳಿಗೇನೂ ಬರವಿಲ್ಲ. ಬಾಷ್, ಮರ್ಸಿಡಿಸ್ ಎಂದು ಬೆಂಗಳೂರಿನ ಕಚೇರಿಗಳಲ್ಲಿ ಕೆಲಸ ಶುರು ಮಾಡಿದ ಮಕ್ಕಳು ಅಲ್ಲಿಗೆ ಹೋಗಿ ನೆಲೆ ನಿಲ್ಲುತ್ತಾರೆ. ಬೇಸಿಗೆ ಬಂತೆಂದರೆ ಅಪ್ಪ ಅಮ್ಮ ಸಾರಿನಪುಡಿ, ಚಟ್ನಿಪುಡಿ ಕಟ್ಟಿಕೊಂಡು ವಿಮಾನ ಹತ್ತುತ್ತಾರೆ. ಹಾಗೆ ಹೊರಟವರಿಂದ ಏಪ್ರಿಲ್ ಹೊತ್ತಿಗೆ ನನಗೆ ಪತ್ರಗಳು ಬರತೊಡಗುತ್ತವೆ. ಪ್ರಶ್ನೆ ಹೆಚ್ಚುಕಮ್ಮಿ ಒಂದೇ: ಮಗ ಹೈಡೆಲ್‌ಬರ್ಗ್ ಅನ್ನುತ್ತಾನೆ, ಸೊಸೆ ಬ್ಲ್ಯಾಕ್ ಫಾರೆಸ್ಟ್ ಅನ್ನುತ್ತಾಳೆ, ನೀವು ಹೇಳಿ, ಎಲ್ಲಿಗೆ ಹೋಗುವುದು? ನನ್ನ ಉತ್ತರವೂ ಈಚೆಗೆ ಒಂದೇ ಆಗಿಬಿಟ್ಟಿದೆ. ಅವೆರಡಕ್ಕೂ ಹೋಗಿಬನ್ನಿ, ಬೇಡವೆನ್ನಲಾರೆ. ಆದರೆ ಒಂದಿಡೀ ದಿನವನ್ನು ಟ್ಯೂಬಿಂಗನ್‌ಗೆ ಎತ್ತಿಡಿ. ಕೂಡಲೇ ಮರುಪ್ರಶ್ನೆ: ಅಲ್ಲೇನಿದೆ? ಕೊಲೋನ್‌ನಂಥ ಕೆಥೆಡ್ರಲ್ ಇದೆಯೇ, ದೊಡ್ಡ ಅರಮನೆ ಇದೆಯೇ? ಎರಡೂ ಇಲ್ಲ. ಅಲ್ಲಿರುವುದು ಒಂದು ಹಾಸ್ಟೆಲ್ಲು. ನದಿ, ಗೋಪುರ, ಕೋಟೆ ಎಲ್ಲ ಇವೆ ಅನ್ನಿ. ಆದರೂ ಊರಿನ ಬೀಗಕ್ಕೆ ಕೀಲಿ ಆ ಹಾಸ್ಟೆಲ್ಲೇ. ಕನ್ನಡಿಗರಿಗಂತೂ ಅದು ಪೂರ್ತಿ ಪರಸ್ಥಳವಲ್ಲ.

ಸ್ಟುಟ್‌ಗಾರ್ಟಿನಿಂದ ರೈಲಿನಲ್ಲಿ ಒಂದು ತಾಸಿನೊಳಗೆ ಇಳಿಯುತ್ತೀರಿ. ನಿಲ್ದಾಣ ಸಾದಾ, ಅದರ ಮುಂದಿನ ರಸ್ತೆ ಇನ್ನೂ ಸಾದಾ. ಮೊದಲ ಸಲ ಹೋದಾಗ ‘ಇದಕ್ಕಾಗಿ ಬಂದೆನೇ’ ಎಂದುಕೊಂಡೇ ನಡೆದೆ. ಸ್ವಲ್ಪ ದೂರದಲ್ಲಿ ನೆಕ್ಕರ್ ಸೇತುವೆ ಬಂತು. ಸೇತುವೆಯ ಮೇಲೆ ನಿಂತು ಎಡಕ್ಕೆ ನೋಡಿದರೆ ಊರು ತನ್ನ ಮುಖ ತೋರಿಸುತ್ತದೆ. ನೀರಿಗೆ ಅಂಟಿಕೊಂಡ ಕಲ್ಲಿನ ಗೋಡೆ, ಅದರ ಮೇಲೆ ಒಂದಕ್ಕೊಂದು ಭುಜ ತಾಗಿಸಿ ನಿಂತ ಹಳದಿ, ಕಾವಿ, ತಿಳಿಗೆಂಪು ಮನೆಗಳು, ಕಡಿದಾದ ಹೆಂಚಿನ ಮಾಡು, ನೀರಿಗೆ ಬಾಗಿದ ವಿಲೋ ಮರಗಳು, ಆ ಮರಗಳ ನಡುವೆ ಚೂಪು ಟೋಪಿಯ ಒಂದು ಹಳದಿ ಗೋಪುರ. ಹಿಂದೆ ಕೋಟೆಯ ಗುಡ್ಡ. ಎಲ್ಲರೂ ಫೋಟೋ ತೆಗೆಯುವ ಜಾಗ ಅದು. ನೀವೂ ತೆಗೆದುಕೊಳ್ಳಿ, ಸಂಕೋಚ ಬೇಡ. ಅದು ಸಿನಿಮಾ ಸೆಟ್ಟಿನಂತೆ ಕಂಡರೆ ಕಾರಣವಿದೆ. ಎರಡನೆಯ ಮಹಾಯುದ್ಧದಲ್ಲಿ ಸ್ಟುಟ್‌ಗಾರ್ಟ್ ಸುಟ್ಟುಹೋಯಿತು, ಇದೇ ನದಿಯ ಕೆಳಗಿನ ಹೈಲ್‌ಬ್ರಾನ್ ಒಂದೇ ರಾತ್ರಿಯಲ್ಲಿ ಬೂದಿಯಾಯಿತು. ಟ್ಯೂಬಿಂಗನ್ ಹೆಚ್ಚುಕಡಿಮೆ ಇಡಿಯಾಗಿ ಉಳಿಯಿತು. ಯುದ್ಧದ ಕೊನೆಯ ಹೊತ್ತಿಗೆ ಊರಿನ ತುಂಬ ಗಾಯಾಳು ಸೈನಿಕರ ಆಸ್ಪತ್ರೆಗಳಿದ್ದವು. 1945ರ ಏಪ್ರಿಲ್‌ನಲ್ಲಿ ಫ್ರೆಂಚ್ ಸೇನೆ ಬಂದಾಗ ಊರು ಕಾದಾಡದೆ ಶರಣಾಯಿತು. ಹಾಗಾಗಿ ಇಲ್ಲಿನ ಹಳೆಯ ಮನೆಗಳು ನಿಜಕ್ಕೂ ಹಳೆಯವೇ. ಜರ್ಮನಿಯ ಎಷ್ಟೋ ‘ಹಳೆಯ ಪೇಟೆ’ಗಳ ಬಗ್ಗೆ ಈ ಮಾತು ಹೇಳಲು ಬರುವುದಿಲ್ಲ.

ಸೇತುವೆ ದಾಟಿ ಗಲ್ಲಿಗಳಿಗೆ ಹೊಕ್ಕ ಮೇಲೆ ಹೊಸಬರಿಗೆ ಕಣ್ಣಿಗೆ ಬೀಳುವುದು ಗೋಡೆಗಳ ಫಲಕಗಳು. ಇಲ್ಲಿ ಇಂಥ ತತ್ತ್ವಜ್ಞಾನಿ ಇದ್ದ, ಇಲ್ಲಿ ಇಂಥ ಕವಿ, ಇಲ್ಲಿ ಇಂಥ ಖಗೋಳಜ್ಞ. ಒಂದು ಲಕ್ಷ ಜನರೂ ಇಲ್ಲದ ಊರು. ಅದರಲ್ಲೂ ಕಾಲು ಭಾಗಕ್ಕಿಂತ ಹೆಚ್ಚು ವಿದ್ಯಾರ್ಥಿಗಳು. ಇಷ್ಟೊಂದು ದೊಡ್ಡ ಹೆಸರುಗಳನ್ನು ಇಷ್ಟು ಸಣ್ಣ ಜಾಗದಲ್ಲಿ ತುರುಕಿರುವುದು ಕಂಡು ಮೊದಮೊದಲು ಅನುಮಾನವೇ ಬರುತ್ತದೆ. ಆ ಅನುಮಾನ ಊರಿನ ಹುಡುಗರಿಗೂ ಬಂದಿರಬೇಕು. ಮ್ಯುಂಟ್ಸ್‌ಗಾಸ್ಸೆ ಎಂಬ ಓಣಿಯಲ್ಲಿ ಪ್ರಕಾಶಕ ಕೋಟಾನ ಮನೆಯ ಮೇಲೆ, ಗಯಟೆ 1797ರಲ್ಲಿ ಇಲ್ಲಿ ತಂಗಿದ್ದ ಎಂಬ ಗಂಭೀರ ಫಲಕವಿದೆ. ಪಕ್ಕದ ವಿದ್ಯಾರ್ಥಿ ಮನೆಯ ಗೋಡೆಯಲ್ಲಿ ಇನ್ನೊಂದು: ಗಯಟೆ ಇಲ್ಲಿ ವಾಂತಿ ಮಾಡಿದ್ದ! ಮಹಾಕವಿಯನ್ನು ಹೀಗೆ ನಡೆಸಿಕೊಂಡೂ ಅವನನ್ನು ಓದಬಲ್ಲ ಊರು ನನಗೆ ಮೆಚ್ಚುಗೆಯಾಯಿತು.

ಈಗ ಆ ಹಾಸ್ಟೆಲ್ಲು. ವಿಶ್ವವಿದ್ಯಾಲಯ ಶುರುವಾದದ್ದು 1477ರಲ್ಲಿ, ಗಡ್ಡದ ಎಬರ್‌ಹಾರ್ಡ್ ಎಂದೇ ಹೆಸರಾದ ವ್ಯೂರ್ಟೆಂಬರ್ಗ್ ದೊರೆಯಿಂದ. ಮುಂದೆ ಮಾರ್ಟಿನ್ ಲೂಥರನ ಸುಧಾರಣೆ ಈ ಸೀಮೆಗೆ ಬಂದಾಗ ಹಳ್ಳಿಹಳ್ಳಿಯ ಚರ್ಚಿಗೆ ಓದಿದ ಪಾದ್ರಿಗಳು ಬೇಕಾದರು. ಉಳ್ಳವರ ಮಕ್ಕಳು ಸಾಲದಾದರು. ಆಗ ದೊರೆ ಉಲ್ರಿಕ್ 1536ರಲ್ಲಿ ಒಂದು ಏರ್ಪಾಡು ಮಾಡಿದ: ಸಂಸ್ಥಾನದ ಹುಡುಗರಿಗೆ ಪರೀಕ್ಷೆ; ತೇರ್ಗಡೆಯಾದವನಿಗೆ ಊಟ, ವಸತಿ, ಓದು ಎಲ್ಲ ಪುಕ್ಕಟೆ; ಬದಲಿಗೆ ಓದು ಮುಗಿದ ಮೇಲೆ ಅವನು ಚರ್ಚಿನ ಅಥವಾ ಶಾಲೆಯ ಸೇವೆಗೆ ಬರಬೇಕು. ಬರಿದಾದ ಅಗಸ್ಟಿನಿಯನ್ ಸಂನ್ಯಾಸಿಗಳ ಮಠದ ಕಟ್ಟಡ ನದಿಯ ದಡದಲ್ಲೇ ಇತ್ತು. ಹುಡುಗರನ್ನು ಅಲ್ಲಿಗೆ ತುಂಬಿದರು. ಇದೇ ‘ಷ್ಟಿಫ್ಟ್’. ಸೇತುವೆಯ ಕಡೆಯಿಂದ ನದಿಯಂಚಿಗೆ ನಡೆದು, ಗೋಪುರ ದಾಟಿದರೆ ಸಿಗುತ್ತದೆ. ಇಂದೂ ಅದು ವಿದ್ಯಾರ್ಥಿನಿಲಯವೇ, ಹಾಗಾಗಿ ಹೊರಗಿನಿಂದ, ಅಂಗಳದಿಂದ ನೋಡಿ ತೃಪ್ತಿಪಡಬೇಕು. ನೋಡುವುದಕ್ಕೆ ಏನೂ ವಿಶೇಷವಿಲ್ಲದ ದೊಡ್ಡ ಕಟ್ಟಡ.

ಆದರೆ ಆ ಪುಕ್ಕಟೆ ಊಟದ ಲೆಕ್ಕ ನೋಡಿ. ಕುಡಿದು ಜಗಳವಾಡಿ, ಕೂಲಿಸೈನಿಕನಾಗಿ ಹೋದ ಅಪ್ಪ ಮನೆಗೆ ಮರಳದೇ ಹೋದ ಹುಡುಗನೊಬ್ಬ 1589ರಲ್ಲಿ ಇಲ್ಲಿಗೆ ಬಂದ. ಪಾದ್ರಿಯಾಗಲು ಬಂದವನಿಗೆ ಮೆಸ್ಟ್ಲಿನ್ ಎಂಬ ಗಣಿತದ ಮೇಷ್ಟ್ರು ಕೊಪರ್ನಿಕಸನ ಹುಚ್ಚು ಹಿಡಿಸಿದರು. ಅವನೇ ಯೊಹಾನೆಸ್ ಕೆಪ್ಲರ್. ಗ್ರಹಗಳು ವೃತ್ತದಲ್ಲಲ್ಲ, ದೀರ್ಘವೃತ್ತದಲ್ಲಿ ಸುತ್ತುತ್ತವೆ ಎಂದು ಲೋಕಕ್ಕೆ ಹೇಳಿದವನು. ಮುಂದೆ ಅವನ ತಾಯಿಯ ಮೇಲೆ ಮಾಟಗಾತಿ ಎಂಬ ಆರೋಪ ಬಂದಾಗ, ಅವಳಿಗೆ ಚಿತ್ರಹಿಂಸೆಯ ಸಲಕರಣೆಗಳನ್ನು ತೋರಿಸಿ ಬೆದರಿಸಬೇಕು ಎಂದು 1621ರಲ್ಲಿ ಅಭಿಪ್ರಾಯ ಕೊಟ್ಟದ್ದು ಇದೇ ಟ್ಯೂಬಿಂಗನ್ನಿನ ಕಾನೂನು ವಿಭಾಗ. ಆ ಮುದುಕಿ ಬೆದರಲಿಲ್ಲ, ಬಿಡುಗಡೆಯಾದಳು. ವಿದ್ಯೆ ಇದ್ದಲ್ಲೆಲ್ಲ ವಿವೇಕ ಇರುತ್ತದೆಂದು ನಂಬಿ ಈ ಊರಿಗೆ ಬಂದವರು ಈ ಪ್ರಸಂಗವನ್ನೂ ನೆನಪಿಟ್ಟುಕೊಳ್ಳಬೇಕು. ಕೆಪ್ಲರನ ಗೆಳೆಯ ವಿಲ್ಹೆಲ್ಮ್ ಷಿಕಾರ್ಡ್ ಕೂಡ ಇಲ್ಲಿಯವನೇ. ಹೀಬ್ರೂ ಪಾಠ ಹೇಳುತ್ತಿದ್ದ ಈತ 1623ರಲ್ಲಿ ಹಲ್ಲುಚಕ್ರಗಳಿಂದ ಕೂಡುವ ಕಳೆಯುವ ಯಂತ್ರವೊಂದನ್ನು ಕಟ್ಟಿ ಕೆಪ್ಲರನಿಗೆ ಪತ್ರ ಬರೆದ. ಮೂಲ ಯಂತ್ರ ಉಳಿದಿಲ್ಲ. ಆ ಪತ್ರಗಳ ಚಿತ್ರ ನೋಡಿ ಇದೇ ಊರಿನ ಪ್ರಾಧ್ಯಾಪಕರೊಬ್ಬರು 1960ರಲ್ಲಿ ಮತ್ತೆ ಕಟ್ಟಿದರು. ಕಂಪ್ಯೂಟರಿನಿಂದ ಹೊಟ್ಟೆ ಹೊರೆಯುವ ಮಕ್ಕಳನ್ನು ಜತೆಗೆ ಕರೆದೊಯ್ದಿದ್ದರೆ ಈ ಯಂತ್ರದ ಕತೆ ಹೇಳಿ, ಸ್ವಲ್ಪ ಹೊತ್ತು ಮೊಬೈಲು ಕೆಳಗಿಟ್ಟಾರು.

1788ರಲ್ಲಿ ಹೆಗೆಲ್ ಮತ್ತು ಹೋಲ್ಡರ್ಲಿನ್ ಇದೇ ಷ್ಟಿಫ್ಟಿಗೆ ಸೇರಿದರು. ಎರಡು ವರ್ಷದ ಬಳಿಕ ಹದಿನೈದರ ಪೋರ ಷೆಲ್ಲಿಂಗ್ ಬಂದು ಅವರ ಕೋಣೆಗೇ ಸೇರಿದ. ಇಬ್ಬರು ತತ್ತ್ವಜ್ಞಾನಿಗಳು, ಒಬ್ಬ ಕವಿ, ಒಂದೇ ಕೋಣೆ. ಪ್ಯಾರಿಸ್ಸಿನಲ್ಲಿ ಕ್ರಾಂತಿ ನಡೆಯುತ್ತಿದ್ದ ಕಾಲ. ಹುಡುಗರ ತಲೆಯೆಲ್ಲ ಅಲ್ಲೇ. ದೊರೆಯೇ ಬಂದು ಎಚ್ಚರಿಕೆ ಕೊಟ್ಟುಹೋಗುವಷ್ಟು ಗಲಾಟೆಯಾಯಿತು. ಮೂವರೂ ಪಾದ್ರಿಯಾಗಲಿಲ್ಲ. ದೊರೆಯ ಲೆಕ್ಕದಲ್ಲಿ ಇದು ನಷ್ಟದ ಬಾಬ್ತು. ನನಗನ್ನಿಸುವುದು, ಉಚಿತ ವಿದ್ಯೆ ಕೊಡುವವರ ನಿಜವಾದ ಯಶಸ್ಸು ಇಂಥ ನಷ್ಟದಲ್ಲೇ ಇರುತ್ತದೆ: ಅನ್ನ ಹಾಕಿದವನಿಗೆ ಬೇಕಾದ್ದನ್ನಲ್ಲದೆ ಬೇರೇನನ್ನೋ ಹುಡುಗರು ಯೋಚಿಸಲು ಶುರುಮಾಡುವುದರಲ್ಲಿ.

ನದಿಯಂಚಿನ ಹಳದಿ ಗೋಪುರ ಹೋಲ್ಡರ್ಲಿನನದು. ಈ ಊರಿನಲ್ಲಿ ಒಂದೇ ಒಂದು ಕಡೆ ಒಳಗೆ ಹೋಗುವ ಶಕ್ತಿ ಉಳಿದಿದ್ದರೆ ಇಲ್ಲಿಗೆ ಹೋಗಿ. 1806ರಲ್ಲಿ, ಮೂವತ್ತಾರರ ವಯಸ್ಸಿನಲ್ಲಿ, ಬುದ್ಧಿಭ್ರಮಣೆಯಾಗಿದೆಯೆಂದು ಅವನನ್ನು ಬಲವಂತವಾಗಿ ಹಿಡಿದುತಂದು ಇಲ್ಲಿಯ ವೈದ್ಯ ಔಟೆನ್‌ರೀಟ್‌ನ ಚಿಕಿತ್ಸಾಲಯಕ್ಕೆ ಸೇರಿಸಿದರು. ಕಿರುಚುವ ರೋಗಿಗಳ ಬಾಯಿ ಕಟ್ಟಲು ಮುಖವಾಡ ರೂಪಿಸಿದ ವೈದ್ಯ ಈತ. ವರ್ಷ ತುಂಬುವ ಮೊದಲೇ, ವಾಸಿಯಾಗದ ಕೇಸು, ಹೆಚ್ಚೆಂದರೆ ಮೂರು ವರ್ಷ ಬದುಕಿಯಾನು ಎಂದು ಹೊರಗೆ ಕಳಿಸಿದರು. ಆಗ ಅವನನ್ನು ಮನೆಗೆ ಕರೆದುಕೊಂಡವನು ಏರ್ನ್‌ಸ್ಟ್ ಝಿಮ್ಮರ್ ಎಂಬ ಬಡಗಿ. ಹೋಲ್ಡರ್ಲಿನನ ಕಾದಂಬರಿ ‘ಹೈಪೀರಿಯನ್’ ಓದಿ ಮೆಚ್ಚಿದ್ದ ಬಡಗಿ! ಮೂರು ವರ್ಷ ಎಂದದ್ದು 36 ವರ್ಷವಾಯಿತು. ಝಿಮ್ಮರ್ ತೀರಿಕೊಂಡ ಮೇಲೆ ಅವನ ಮಗಳು ಲೋಟೆ ನೋಡಿಕೊಂಡಳು. ಕವಿ ಪಿಯಾನೋ ಬಾರಿಸುತ್ತಿದ್ದ, ಶತಪಥ ಹಾಕುತ್ತಿದ್ದ, ನೋಡಲು ಬಂದ ಯಾರಿಗಾದರೂ ‘ಮಹಾಪ್ರಭುಗಳೇ’ ಎಂದು ಬಗ್ಗಿ ನಮಸ್ಕರಿಸುತ್ತಿದ್ದ. ಕೇಳಿದವರಿಗೆ ಋತುಗಳ ಮೇಲೆ ನಾಲ್ಕಾರು ಸಾಲು ಬರೆದುಕೊಟ್ಟು, ‘ಸ್ಕಾರ್ಡನೆಲ್ಲಿ’ ಎಂದು ಸಹಿ ಮಾಡಿ, ನೂರು ವರ್ಷ ಹಿಂದಿನದೋ ಮುಂದಿನದೋ ಒಂದು ತಾರೀಕು ಹಾಕುತ್ತಿದ್ದ. ಈಗಿನ ಗೋಪುರ ಮೂಲದ್ದಲ್ಲ. 1875ರ ಬೆಂಕಿಯ ನಂತರ ಕಟ್ಟಿದ್ದು. ಕೋಣೆಯಲ್ಲಿ ಸಾಮಾನೂ ಹೆಚ್ಚಿಲ್ಲ. ಕಿಟಕಿಯಾಚೆ ನದಿ ಮಾತ್ರ ಅವನು ನೋಡಿದ್ದೇ. ನಾನು ಅಲ್ಲಿ ಅಂದುಕೊಂಡದ್ದಕ್ಕಿಂತ ಬಹಳ ಹೊತ್ತು ನಿಂತೆ. ಕಾಡಿದವನು ಕವಿಗಿಂತ ಹೆಚ್ಚಾಗಿ ಆ ಬಡಗಿ. ಹೋಲ್ಡರ್ಲಿನ್ ಸತ್ತದ್ದು 1843ರ ಜೂನ್ 7ರಂದು.

ಆ ವರ್ಷ ಕನ್ನಡಿಗರಿಗೆ ಚೆನ್ನಾಗಿ ಗೊತ್ತು. ಅದಾಗಿ ತಿಂಗಳು ತುಂಬುವ ಮೊದಲೇ, 1843ರ ಜುಲೈ 1ರಂದು, ಮಂಗಳೂರಿನ ಬಾಸೆಲ್ ಮಿಷನ್ನಿನ ಕಲ್ಲಚ್ಚಿನ ಮುದ್ರಣಾಲಯದಿಂದ ‘ಮಂಗಳೂರ ಸಮಾಚಾರ’ ಹೊರಬಂತು. ಕನ್ನಡದ ಮೊದಲ ಪತ್ರಿಕೆ. ಪ್ರತಿ ಜುಲೈ 1ರಂದು ನಾವು ಪತ್ರಿಕಾ ದಿನ ಆಚರಿಸಿ ಹಾರ ಹಾಕುವ ಅದರ ಸಂಪಾದಕ ಹರ್ಮನ್ ಮೋಗ್ಲಿಂಗ್ ಓದಿದ್ದು ಇದೇ ಷ್ಟಿಫ್ಟಿನಲ್ಲಿ. 1811ರಲ್ಲಿ ಇದೇ ಸೀಮೆಯ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ ಹುಟ್ಟಿದ ಮೋಗ್ಲಿಂಗ್ ಇಲ್ಲಿ ದೇವತಾಶಾಸ್ತ್ರ ಕಲಿಯುತ್ತಿದ್ದಾಗ, ಕೂಗಳತೆ ದೂರದ ಗೋಪುರದಲ್ಲಿ ಆ ಮುದಿ ಕವಿ ಪಿಯಾನೋ ಬಾರಿಸಿಕೊಂಡಿದ್ದ. ಮೋಗ್ಲಿಂಗ್‌ನ ಗೆಳೆಯ ಹರ್ಮನ್ ಗುಂಡರ್ಟ್, ಮುಂದೆ ಮಲಯಾಳದ ನಿಘಂಟುಕಾರ, ಅವನೂ ಅದೇ ಹಾಸ್ಟೆಲ್ಲಿನ ಅನ್ನ ಉಂಡವನು. ಆಗ ಅಲ್ಲಿ ಪಾಠ ಹೇಳುತ್ತಿದ್ದವರಲ್ಲಿ ಡೇವಿಡ್ ಫ್ರೀಡ್ರಿಷ್ ಸ್ಟ್ರೌಸ್ ಕೂಡ ಒಬ್ಬ. ಏಸುವಿನ ಪವಾಡಗಳೆಲ್ಲ ಪುರಾಣಕತೆಗಳು ಎಂದು 1835ರಲ್ಲಿ ಪುಸ್ತಕ ಬರೆದು ಕೆಲಸ ಕಳೆದುಕೊಂಡವನು. ಬೈಬಲ್ಲನ್ನು ಪುರಾಣ ಎಂದವನೂ, ಬೈಬಲ್ ಹಿಡಿದು ಕಡಲು ದಾಟಿದವರೂ ಒಂದೇ ಸೂರಿನ ಕೆಳಗಿದ್ದರು. 1836ರಲ್ಲಿ ಇಬ್ಬರು ಗೆಳೆಯರೂ ಹಿಂದೂಸ್ತಾನಕ್ಕೆ ಬಂದರು. ಮೋಗ್ಲಿಂಗ್ ಕನ್ನಡ ಕಲಿತು, ಪತ್ರಿಕೆ ನಡೆಸಿ, ಗಾದೆ ಕೂಡಿಸಿ, ಜೈಮಿನಿ ಭಾರತ, ಬಸವಪುರಾಣದಂಥ ಕಾವ್ಯಗಳನ್ನು ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಅಚ್ಚು ಹಾಕಿಸಿದ. ತಾಳೆಗರಿಯಲ್ಲಿದ್ದ ನಮ್ಮ ಹಳಗಾವ್ಯಗಳು ಅಚ್ಚಿಗೆ ಬಂದ ಮೊದಮೊದಲ ಸಾಹಸಗಳಲ್ಲಿ ಅದೊಂದು. ಅದಕ್ಕಾಗಿ ಟ್ಯೂಬಿಂಗನ್ ವಿಶ್ವವಿದ್ಯಾಲಯ 1858ರಲ್ಲಿ ಅವನಿಗೆ ಡಾಕ್ಟರೇಟ್ ಕೊಟ್ಟಿತು. ಕನ್ನಡದ ಕೆಲಸಕ್ಕೆ ನೆಕ್ಕರ್ ದಡದಲ್ಲಿ ಮನ್ನಣೆ!

ಕನ್ನಡ ನಿಘಂಟಿನ ಕಿಟೆಲ್ ಮಾತ್ರ ಷ್ಟಿಫ್ಟಿನ ಹುಡುಗನಲ್ಲ. ಉತ್ತರ ಜರ್ಮನಿಯ ಕಡಲಂಚಿನಲ್ಲಿ ಹುಟ್ಟಿ, ಬಾಸೆಲ್‌ನಲ್ಲಿ ತರಬೇತಿ ಪಡೆದು 1853ರಲ್ಲಿ ಕರ್ನಾಟಕಕ್ಕೆ ಬಂದವರು. ಆದರೆ ಅವರ ಕೊನೆಯ ವರ್ಷಗಳು ಈ ಊರಿನವು. ಅವರ ಸುಮಾರು 70 ಸಾವಿರ ಶಬ್ದಗಳ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಎರಡು ವರ್ಷದ ಬಳಿಕ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೂ ಗೌರವ ಡಾಕ್ಟರೇಟ್ ಕೊಟ್ಟಿತು. ಕನ್ನಡ ವ್ಯಾಕರಣದ ಪುಸ್ತಕ ಹೊರಬಂದದ್ದು 1903ರಲ್ಲಿ. ಅದೇ ಡಿಸೆಂಬರಿನಲ್ಲಿ ಅವರು ಇಲ್ಲಿಯೇ ತೀರಿಕೊಂಡರು. ಬೆಂಗಳೂರಿನಲ್ಲಿ ಅವರ ಪ್ರತಿಮೆ ಇದೆ, ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ. ಟ್ಯೂಬಿಂಗನ್ನಿನ ಬೀದಿಯಲ್ಲಿ ಯಾರನ್ನಾದರೂ ನಿಲ್ಲಿಸಿ ಕಿಟೆಲ್ ಎಂದು ಕೇಳಿ, ಹೆಗಲು ಕುಣಿಸಿ ನಗುತ್ತಾರೆ. ಅದರಲ್ಲಿ ಬೇಸರಪಡುವಂಥದ್ದೇನಿಲ್ಲ. ಹೆಗೆಲ್ಲನ್ನೇ ಸಲೀಸಾಗಿ ದಾಟಿಹೋಗುವ ಊರು ಅದು.

ಭಕ್ತಿಭಾವ ಮಾತ್ರ ಮಿತವಾಗಿರಲಿ ಎಂದೂ ಓದುಗರಿಗೆ ಹೇಳುತ್ತೇನೆ. ಮೋಗ್ಲಿಂಗ್ ಬಂದದ್ದು ಮತಪ್ರಚಾರಕ್ಕೆ, ಸಾಹಿತ್ಯ ಸೇವೆಗಲ್ಲ. ನಮ್ಮ ದೇವರು ದಿಂಡರ ಬಗ್ಗೆ ಕಟುವಾಗಿ ಬರೆದದ್ದೂ ಉಂಟು. ನಮ್ಮ ಭಾಷೆಗೆ ಉಳಿದದ್ದು ಅವರ ಉದ್ದೇಶಕ್ಕಿಂತ ದೊಡ್ಡದಾಯಿತು, ಅಷ್ಟೇ. ಊರಿನ ಚರಿತ್ರೆಯೂ ಹೂವಿನ ಕುಂಡದಷ್ಟು ಚೆಂದವಲ್ಲ. ವಿಶ್ವವಿದ್ಯಾಲಯ ತೆರೆದ ವರ್ಷವೇ ಎಬರ್‌ಹಾರ್ಡ್ ದೊರೆ ಊರಿನ ಯಹೂದಿಗಳನ್ನು ಹೊರಗಟ್ಟಿದ. ಅವರು ಮರಳಿ ಬಂದು 1882ರಲ್ಲಿ ಕಟ್ಟಿಕೊಂಡ ಪ್ರಾರ್ಥನಾಮಂದಿರವನ್ನು 1938ರ ನವೆಂಬರಿನಲ್ಲಿ ನಾಜಿಗಳು ಸುಟ್ಟರು. ಗಾರ್ಟೆನ್‌ಷ್ಟ್ರಾಸ್ಸೆಯಲ್ಲಿ ಅದಿದ್ದ ಜಾಗದಲ್ಲಿ ಈಗ ಸ್ಮಾರಕವಿದೆ. ಪೇಟೆಯ ಕಲ್ಲುಹಾಸಿನ ನಡುವೆ ಅಲ್ಲಲ್ಲಿ ಅಂಗೈಯಗಲದ ಹಿತ್ತಾಳೆ ಕಲ್ಲುಗಳಿವೆ, ಆ ಮನೆಗಳಿಂದ ಎಳೆದೊಯ್ದವರ ಹೆಸರು ಹೊತ್ತು. ನೆಲ ನೋಡಿಕೊಂಡು ನಡೆಯಿರಿ. ವಿಶ್ವವಿದ್ಯಾಲಯದ ಹೆಸರಿನಿಂದ ಎಬರ್‌ಹಾರ್ಡನನ್ನು ಕೈಬಿಡಬೇಕೇ ಎಂಬ ಜಗಳ ಈಚೆಗೆ ಜೋರಾಗಿಯೇ ನಡೆದು, ಕೊನೆಗೆ ಹೆಸರು ಉಳಿಯಿತು.

ಗುಂಡರ್ಟನ ಮೊಮ್ಮಗನ ಕತೆ ಹೇಳದೆ ಮುಂದೆ ಹೋಗಲಾರೆ. ಗುಂಡರ್ಟನ ಮಗಳು ಮಾರಿ ಹುಟ್ಟಿದ್ದು 1842ರಲ್ಲಿ ತಲಶ್ಶೇರಿಯಲ್ಲಿ. ಅವಳ ಮಗನನ್ನು ಮನೆತನದ ರೂಢಿಯಂತೆ ಪರೀಕ್ಷೆಗೆ ಕೂರಿಸಿ, ಷ್ಟಿಫ್ಟಿಗೆ ಹುಡುಗರನ್ನು ತಯಾರು ಮಾಡುವ ಮೌಲ್‌ಬ್ರಾನ್ ಮಠದ ಶಾಲೆಗೆ ಕಳಿಸಿದರು. 1892ರಲ್ಲಿ ಹುಡುಗ ಅಲ್ಲಿಂದ ಓಡಿಹೋದ. ಹಾಸ್ಟೆಲ್ಲಿನ ಬಾಗಿಲು ಮುಚ್ಚಿತು. ಮೂರು ವರ್ಷದ ಬಳಿಕ ಅವನು ಟ್ಯೂಬಿಂಗನ್‌ಗೆ ಬಂದದ್ದು ಹೋಲ್ಟ್ಸ್‌ಮಾರ್ಕ್ಟ್ ಚೌಕದ ಹೆಕ್ಕೆನ್‌ಹೌವರ್ ಪುಸ್ತಕದಂಗಡಿಯಲ್ಲಿ ಧೂಳು ಹೊಡೆದು ಪೊಟ್ಟಣ ಕಟ್ಟುವ ಹುಡುಗನಾಗಿ. ತಾತ ಓದಿದ ಊರಿನಲ್ಲಿ ಮೊಮ್ಮಗ ಅಂಗಡಿಯಾಳು. ರಾತ್ರಿ ಕೋಣೆ ಸೇರಿ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದ, ಕವಿತೆ ಬರೆಯುತ್ತಿದ್ದ. 1922ರಲ್ಲಿ ‘ಸಿದ್ಧಾರ್ಥ’ ಬರೆದ ಹರ್ಮನ್ ಹೆಸ್ಸೆ ಈ ಅಂಗಡಿಹುಡುಗ. ಅಂಗಡಿಯ ಒಂದು ಭಾಗದಲ್ಲಿ ಈಗ ಅವನ ನೆನಪಿನ ಪುಟ್ಟ ಸಂಗ್ರಹಾಲಯವಿದೆ. ಪರೀಕ್ಷೆ, ಸೀಟು, ರ‍್ಯಾಂಕು ಎಂದು ಮಕ್ಕಳ ಬೆನ್ನು ಬಿದ್ದ ತಂದೆತಾಯಂದಿರು ಅಲ್ಲಿ ಒಂದು ನಿಮಿಷ ಹೆಚ್ಚಿಗೆ ನಿಂತರೆ ತಪ್ಪಿಲ್ಲ.

ಮೊಣಕಾಲು ಸಹಕರಿಸಿದರೆ ಕೋಟೆ ಹತ್ತಿ. ದಾರಿ ಕಡಿದು, ಕಲ್ಲು ನುಣುಪು. ಚಪ್ಪಲಿ ಬೇಡ, ಷೂ ಹಾಕಿ. ಕೋಟೆಯ ಹಳೆಯ ಅಡುಗೆಮನೆಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ರಸಾಯನಶಾಸ್ತ್ರದ ಪ್ರಯೋಗಶಾಲೆ ಇತ್ತು. ಫ್ರೀಡ್ರಿಷ್ ಮೀಶರ್ ಎಂಬ ಸ್ವಿಸ್ ತರುಣ ಪಕ್ಕದ ಆಸ್ಪತ್ರೆಯಿಂದ ಕೀವು ಮೆತ್ತಿದ ಬ್ಯಾಂಡೇಜುಗಳನ್ನು ತರಿಸಿಕೊಂಡು, ತೊಳೆದು, ಜೀವಕೋಶದ ಒಳತಿರುಳಿನಿಂದ ಹಿಂದೆ ಯಾರೂ ಕಾಣದ ಒಂದು ವಸ್ತು ಬೇರ್ಪಡಿಸಿದ. ವರ್ಷ 1869. ಅದಕ್ಕೆ ಅವನು ‘ನ್ಯೂಕ್ಲಿನ್’ ಎಂದ. ನಾವೀಗ ಡಿಎನ್‌ಎ ಎನ್ನುತ್ತೇವೆ. ಅದೇ ಕೋಟೆಯ ವಸ್ತುಸಂಗ್ರಹಾಲಯದಲ್ಲಿ ಫೋಗೆಲ್‌ಹೆರ್ಡ್ ಗುಹೆಯಲ್ಲಿ ಸಿಕ್ಕ, ಮ್ಯಾಮತ್ ಆನೆಯ ದಂತದಲ್ಲಿ ಕೆತ್ತಿದ ಒಂದು ಕುದುರೆಯಿದೆ. ಐದು ಸೆಂಟಿಮೀಟರ್ ಕೂಡ ಇಲ್ಲ. ವಯಸ್ಸು ಸುಮಾರು 40 ಸಾವಿರ ವರ್ಷ. ಕೊರಳಿನ ಬಾಗು ನೋಡಿದರೆ ಕೆತ್ತಿದವನ ಕೈಗೆ ಅದು ಮೊದಲ ಕುದುರೆಯಾಗಿರಲು ಸಾಧ್ಯವೇ ಇಲ್ಲ ಅನ್ನಿಸುತ್ತದೆ.

ಇನ್ನು ಹೊಟ್ಟೆಯ ಮಾತು, ಪತ್ರ ಬರೆಯುವ ಅರ್ಧ ಜನರ ನಿಜವಾದ ಚಿಂತೆ. ಸ್ವೇಬಿಯನ್ ಸೀಮೆಯ ಹೆಸರಾಂತ ತಿಂಡಿ ಮೌಲ್‌ಟಾಶನ್, ಹಿಟ್ಟಿನ ಪೊಟ್ಟಣದೊಳಗೆ ಸಾಮಾನ್ಯವಾಗಿ ಮಾಂಸ. ಉಪವಾಸದ ದಿನಗಳಲ್ಲಿ ದೇವರ ಕಣ್ಣಿಗೆ ಬೀಳದಿರಲೆಂದು ಸಂನ್ಯಾಸಿಗಳು ಮಾಂಸವನ್ನು ಹೀಗೆ ಬಚ್ಚಿಟ್ಟರು ಎಂಬ ಕತೆ ಚಾಲ್ತಿಯಲ್ಲಿದೆ. ಸಸ್ಯಾಹಾರಿಗಳು ಕೇಸ್‌ಷ್ಪೆಟ್ಸ್ಲೆ ಕೇಳಿ: ನಮ್ಮ ಶಾವಿಗೆ ಒರಳಿನಂಥದರಲ್ಲೇ ಹಿಟ್ಟು ಒತ್ತಿ ಬೇಯಿಸಿ, ಚೀಸ್ ಕರಗಿಸಿ, ಮೇಲೆ ಹುರಿದ ಈರುಳ್ಳಿ. ಒಂದು ತಟ್ಟೆ ಇಬ್ಬರಿಗೆ ಧಾರಾಳ. ಕೈಚೀಲದಲ್ಲಿ ಚಟ್ನಿಪುಡಿ ಇದ್ದರೆ ಇನ್ನೂ ಲೇಸು. ಕಾಫಿಯನ್ನು ಕಾಗದದ ಲೋಟದಲ್ಲಿ ಕಟ್ಟಿಸಿಕೊಂಡರೆ ಬಿಲ್ಲು ಜಾಸ್ತಿ ಬಂದೀತು, ಅಂಗಡಿಯವನನ್ನು ಬೈಯಬೇಡಿ. 2022ರ ಜನವರಿಯಿಂದ ಈ ಊರು ಒಮ್ಮೆ ಬಳಸಿ ಬಿಸಾಡುವ ಲೋಟ, ತಟ್ಟೆಗೆ 50 ಸೆಂಟ್, ಚಮಚಕ್ಕೆ 20 ಸೆಂಟ್ ತೆರಿಗೆ ಹಾಕಿದೆ. ಅದರ ವಿರುದ್ಧದ ದಾವೆ ದೇಶದ ಸಂವಿಧಾನ ಪೀಠದವರೆಗೆ ಹೋಗಿ, 2025ರ ಜನವರಿಯಲ್ಲಿ ಊರು ಗೆದ್ದಿತು. ಮನೆಯಿಂದ ಸ್ಟೀಲ್ ಲೋಟ ಒಯ್ಯುವ ನಮ್ಮ ಅಜ್ಜಿಯರ ಅಭ್ಯಾಸಕ್ಕೆ ಜರ್ಮನ್ ನ್ಯಾಯಾಲಯದ ಬೆಂಬಲ ಸಿಕ್ಕಿತೆಂದು ನಾನು ಖುಷಿಪಟ್ಟೆ.

ಮಧ್ಯಾಹ್ನದ ಮೇಲೆ ದೋಣಿ. ನದಿಯ ನಡುವಿನ ಕಿರುದ್ವೀಪದ ಮೇಲೆ ಹಳೆಯ ಪ್ಲೇನ್ ಮರಗಳ ಸಾಲು ಇದೆ, ಅದರ ಬೆಂಚುಗಳಲ್ಲಿ ಕೂತರೂ ಸಾಕು. ದುಡ್ಡು ಕೊಟ್ಟರೆ ಷ್ಟೋಕರ್‌ಕಾನ್ ಎಂಬ ಉದ್ದನೆಯ ಚಪ್ಪಟೆ ದೋಣಿಯಲ್ಲಿ ಕೂರಿಸುತ್ತಾರೆ. ಹಿಂದೆ ನಿಂತವನು ಗಳ ಊರಿ ತಳ್ಳುತ್ತಾನೆ, ಎಷ್ಟೋ ಸಲ ಅವನು ವಿದ್ಯಾರ್ಥಿಯೇ. ವರ್ಷಕ್ಕೊಮ್ಮೆ ಈ ದೋಣಿಗಳ ಪಂದ್ಯ ನಡೆಯುತ್ತದೆ, ಸೋತ ತಂಡ ಕಾಡ್ ಮೀನಿನ ಎಣ್ಣೆಯನ್ನು ಅರ್ಧರ್ಧ ಲೀಟರ್ ಕುಡಿಯಬೇಕು. ಚಳಿಗಾಲದಲ್ಲಿ ದೋಣಿ ಇರುವುದಿಲ್ಲ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಸೋಮವಾರ, ಬುಧವಾರ, ಶುಕ್ರವಾರ 1435ರ ಪುರಭವನದ ಮುಂದೆ ಸಂತೆ; 1511ರ ಖಗೋಳ ಗಡಿಯಾರದ ಕೆಳಗೆ ನಿಂತು ಸ್ಟ್ರಾಬೆರಿ ಕೊಳ್ಳಬಹುದು. ಸಂತೆಯಿಂದ ಕೆಳಕ್ಕಿಳಿದರೆ ಹಿಂದೆ ದ್ರಾಕ್ಷಿ ಬೆಳೆಗಾರರಿದ್ದ ಕೆಳಪೇಟೆ. ಮೇಲಿನವರು ಲ್ಯಾಟಿನ್ ಮಾತಾಡುತ್ತಿದ್ದಾಗ ಈ ‘ಗೋಗೆನ್’ ಜನ ಅವರ ಮೇಲೆ ಕಟ್ಟಿದ ಒರಟು ನಗೆಹನಿಗಳು ಇಂದಿಗೂ ಊರಿನಲ್ಲಿ ಓಡಾಡುತ್ತವೆ, ಇಲ್ಲಿ ಅಚ್ಚು ಹಾಕುವಂಥವಲ್ಲ.

ಕೊನೆಗೆ ನಮ್ಮವರಿಗೆ ಒಂದು ಮಾತು. ಕೇರಳದವರು ಈ ವಿಶ್ವವಿದ್ಯಾಲಯದೊಡನೆ ಸೇರಿ 2015ರಲ್ಲಿ ಇಲ್ಲಿ ಗುಂಡರ್ಟನ ಹೆಸರಿನ ಮಲಯಾಳ ಪೀಠ ತೆರೆಯಿಸಿದರು. ಇದೇ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದ ಮೋಗ್ಲಿಂಗ್, ಕಿಟೆಲ್ ಇಬ್ಬರೂ ಕನ್ನಡದವರು. ಅವರ ಹೆಸರಿನಲ್ಲಿ ಒಂದು ಕನ್ನಡ ಪೀಠಕ್ಕಾಗಿ ಕರ್ನಾಟಕ ಸರ್ಕಾರವೂ ಜರ್ಮನಿಯ ಕನ್ನಡ ಸಂಘಗಳೂ ಕೇಳುವುದಕ್ಕೆ ಇನ್ನೇನು ಕಾರಣ ಬೇಕು? ಅದಾಗುವವರೆಗೆ, ಟಿಕೆಟ್ಟು, ವೀಸಾ ಯಾವುದೂ ಇಲ್ಲದ ಓದುಗರಿಗೂ ಒಂದು ದಾರಿಯಿದೆ. ಟ್ಯೂಬಿಂಗನ್ ವಿಶ್ವವಿದ್ಯಾಲಯದ ಗ್ರಂಥಾಲಯ ಗುಂಡರ್ಟನ ಸಂಗ್ರಹವನ್ನು 2018ರಲ್ಲಿ ‘ಗುಂಡರ್ಟ್ ಪೋರ್ಟಲ್’ ಎಂಬ ಹೆಸರಿನಲ್ಲಿ ಅಂತರ್ಜಾಲಕ್ಕೆ ಏರಿಸಿದೆ. ಮಲಯಾಳದ ಜತೆಗೆ ಕನ್ನಡ, ತುಳುವಿನ ಹಳೆಯ ಪುಸ್ತಕಗಳೂ ಅದರಲ್ಲಿವೆ. ಓದಲು ದುಡ್ಡು ಕೊಡಬೇಕಿಲ್ಲ.